ಎಂಜಿನ್ ಮಾತ್ರ ಬೇರೆ

ಹಳೆಯ ವಸ್ತುಗಳನ್ನು ಇಟ್ಟುಕೊಂಡವರಿಗೆ ಎರಡು ಬಗೆಯ ಕಾಟ. ವಸ್ತು ಕೆಡುವುದು ಒಂದು. ಕೆಟ್ಟಾಗ ಬುದ್ಧಿ ಹೇಳುವವರು ಬರುವುದು ಇನ್ನೊಂದು. ಕಳೆದ ವರ್ಷ ನನಗೆ ಎರಡೂ ಒಟ್ಟಿಗೆ ಬಂದವು.

ಮಳವಳ್ಳಿಯ ನಮ್ಮ ಮನೆಯ ಷೆಡ್ಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. 1961ರಿಂದ ಸುಮಾರು ಹತ್ತು ವರ್ಷ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು ಅದು. ಎರಡೇ ಬಾಗಿಲು, ಪುಟ್ಟ ಮೈ. ಬಾನೆಟ್ ಎತ್ತಿದರೆ ಮುಂಭಾಗವೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ ಎಂಜಿನ್ ಪೂರ್ತಿಯಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ತಂದೆ ಊರಿನಲ್ಲಿ ವೈದ್ಯರಾಗಿದ್ದರು. ಸೆಕೆಂಡ್ ಹ್ಯಾಂಡಾಗಿ ಕೊಂಡ ಈ ಕಾರಿನಲ್ಲಿ ಹಲಗೂರು, ಕಿರುಗಾವಲು, ಬೆಳಕವಾಡಿಗಳ ಕಡೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿದ್ದರು. ಹೆರಿಗೆ ಕಷ್ಟವಾದ ಹೆಂಗಸರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೈಸೂರಿನ ದೊಡ್ಡಾಸ್ಪತ್ರೆಗೆ ತಲುಪಿಸಿದ ರಾತ್ರಿಗಳು ಎಷ್ಟೋ. ಅವರು ತೀರಿಕೊಂಡು ಇಪ್ಪತ್ತು ವರ್ಷವಾದರೂ ಊರವರ ಬಾಯಲ್ಲಿ ಅದು ಇನ್ನೂ 'ಡಾಕ್ಟ್ರ ಕಾರು'.

ಎಂಬತ್ತೈದು ದಾಟಿದ ನಮ್ಮ ತಾಯಿಗೆ ಒಂದು ಆಸೆ ಹುಟ್ಟಿತು. "ಆ ಕಾರಲ್ಲಿ ಒಂದು ಸಲ ಶಿವನಸಮುದ್ರಕ್ಕೆ ಹೋಗಿಬರಬೇಕು ಕಣಪ್ಪ" ಎಂದರು. ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಎರಡು ದಿನ ಬಿಚ್ಚಿ ನೋಡಿ, ಕೈ ಒರೆಸಿಕೊಳ್ಳುತ್ತಾ, "ಬ್ಲಾಕೇ ಸೀಳೋಗದೆ ಮೇಷ್ಟ್ರೇ. ಬೆಸುಗೆ ಹಾಕುದ್ರೂ ನಿಲ್ಲಾಕಿಲ್ಲ. ಬೇರೆ ಎಂಜಿನ್ ಕೂರ್ಸದೊಂದೇ ದಾರಿ" ಎಂದ. ಮಾರುತಿ ಓಮ್ನಿ ವ್ಯಾನಿನ ಎಂಜಿನ್ ಹೊಂದುವುದೆಂದು ಅವನ ಅಭಿಪ್ರಾಯ. ಹೆರಾಲ್ಡಿನದು 948 ಸಿಸಿ, ಓಮ್ನಿಯದು 796. ಆದರೂ ಶಕ್ತಿಯಲ್ಲಿ ಎರಡೂ ಹೆಚ್ಚು ಕಡಮೆ ಸಮ.

ಈ ಸುದ್ದಿ ಅಮೆರಿಕದಲ್ಲಿರುವ ನನ್ನ ಅಣ್ಣನ ಮಗನಿಗೆ ತಲುಪಿತು. ಅವನಿಗೆ ಓಮ್ನಿ ರುಚಿಸಲಿಲ್ಲ. ಹೆರಾಲ್ಡಿನ ತಳಕಟ್ಟಿನಿಂದಲೇ ಬೆಳೆದದ್ದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು. ಎರಡರ ರೂಪವನ್ನೂ ಬರೆದವನು ಇಟಲಿಯ ಮಿಕೆಲೊಟ್ಟಿ. ಅಲ್ಲಿನ ಉತ್ಸಾಹಿಗಳು ಅಂಥ ಕಾರುಗಳ ಎಂಜಿನ್ ತೆಗೆದು ಮಾಜ್ದಾ ಕಂಪನಿಯ ರೋಟರಿ ಎಂಜಿನ್ ಕೂರಿಸುತ್ತಾರಂತೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ಎಂಜಿನ್ ಅದು. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ಒಂದು ಗುಂಡು ಗೂಡಿನೊಳಗೆ ಸುತ್ತುತ್ತದೆ, ಅಷ್ಟೆ. ಗಾತ್ರ ಕಿರಿದು, ತೂಕ ಕಡಮೆ, ಶಕ್ತಿ ಹಿರಿದು. 1991ರಲ್ಲಿ ಲ ಮಾನ್ ಪಂದ್ಯವನ್ನೇ ಅಂಥ ಎಂಜಿನ್ನಿನ ಕಾರು ಗೆದ್ದಿತು. "ಚಿಕ್ಕಪ್ಪ, ನಮ್ಮ ಕಾರಿಗೂ ಅದನ್ನೇ ಹಾಕಿಸೋಣ. ತಾತನ ಕಾರು ಹಾರುತ್ತೆ" ಎಂದು ಬರೆದ.

ಹಾರುವ ಮಾತು ಕೇಳಿ ನನಗೆ ಹೆದರಿಕೆಯಾಯಿತು. 35 ಕುದುರೆಗಳ ಆಸುಪಾಸಿಗೆಂದು ಕಟ್ಟಿದ ಗಾಡಿಗೆ 100ಕ್ಕೂ ಮೇಲ್ಪಟ್ಟ ಕುದುರೆಗಳನ್ನು ಹೂಡಿದರೆ, ಅದೇ ಹಳೆಯ ಬ್ರೇಕು ತಡೆದೀತೆ? ಅಂಥ ಕೆಲಸ ಮಾಡುವ ಜಾಣರು ಬ್ರೇಕು, ಗೇರು, ಅಚ್ಚು ಎಲ್ಲವನ್ನೂ ಬದಲಿಸಿಯಾರು. ಆಮೇಲೆ ಉಳಿಯುವುದು ಹೆಸರೊಂದೇ. ಅದು ಅಪ್ಪನ ಕಾರಿನ ಆಸೆಯಲ್ಲ, ನಮ್ಮ ಆಸೆ.

ಆದರೆ ಓಮ್ನಿ ಎಂಜಿನ್ ಹಾಕಿದರೆ ಮಾತ್ರ ಅದು ಅಪ್ಪನ ಕಾರಾಗಿ ಉಳಿದೀತೆ? ಈ ಪ್ರಶ್ನೆ ನನ್ನನ್ನು ಹಲವು ರಾತ್ರಿ ಕಾಡಿತು. ಬೇತಾಳನ ಕಥೆಗಳಲ್ಲಿ ಇಂಥದೇ ಒಂದು ಸಮಸ್ಯೆ ಉಂಟು. ದೇವಿಯ ಗುಡಿಯಲ್ಲಿ ಇಬ್ಬರ ರುಂಡಗಳು ಅದಲುಬದಲಾಗಿ ಕೂಡಿಕೊಳ್ಳುತ್ತವೆ. ಹೆಂಡತಿ ಈಗ ಯಾರಿಗೆ ಸೇರಬೇಕು? ದೇಹಕ್ಕೆ ತಲೆಯೇ ಮುಖ್ಯ, ಆದುದರಿಂದ ತಲೆಯುಳ್ಳವನೇ ಗಂಡ ಎಂದು ರಾಜ ತೀರ್ಪು ಕೊಡುತ್ತಾನೆ. ಈ ತೀರ್ಪು ಸಮಾಧಾನ ಕೊಡುವುದಿಲ್ಲವೆಂಬುದನ್ನೇ ಗಿರೀಶ ಕಾರ್ನಾಡರು 1971ರ 'ಹಯವದನ'ದಲ್ಲಿ ತೋರಿಸಿದರು. ಇರಲಿ. ಕಾರಿಗೆ ತಲೆ ಯಾವುದು? ಎಂಜಿನ್ನೆ, ಮೈಯೆ? ಸರ್ಕಾರವನ್ನು ಕೇಳಿದರೆ, ನೋಂದಣಿ ಪುಸ್ತಕದಲ್ಲಿ ಷಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ಬರೆದಿಡುತ್ತದೆ. ಎಂಜಿನ್ ಬದಲಿಸುವ ಮುನ್ನ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು ಎನ್ನುತ್ತದೆ.

ನಮ್ಮ ಮೆಕ್ಯಾನಿಕ್ ಇದಕ್ಕೂ ಒಂದು ಸುಲಭೋಪಾಯ ಸೂಚಿಸಿದ. "ಆಪೀಸು ಗೀಪೀಸು ಯಾಕೆ ಮೇಷ್ಟ್ರೇ? ಹಳೇ ನಂಬರನ್ನೇ ಹೊಸ ಎಂಜಿನ್ ಮೇಲೆ ಪಂಚ್ ಹೊಡೆದ್ಬುಡ್ತೀನಿ. ಬಾನೆಟ್ ಎತ್ತಿ ಯಾರು ನೋಡ್ತಾರೆ?" ಅವನು ಕೆಟ್ಟವನಲ್ಲ. ನನ್ನ ತಾಯಿಯ ವಯಸ್ಸನ್ನು ಬಲ್ಲವನು. ಅರ್ಜಿಗಳ ನಡಿಗೆಯನ್ನೂ ಬಲ್ಲವನು. ನಿಜ ಹೇಳಬೇಕೆಂದರೆ ಒಂದು ದಿನ ಪೂರ್ತಿ ನಾನೂ ಒಪ್ಪಿಯೇ ಇದ್ದೆ. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದವನಿಗೆ ಒಂದು ಅಂಕಿಯ ಸುಳ್ಳು ಅಷ್ಟು ಹಗುರವಾಗಿ ಕಂಡಿತು!

ರಾತ್ರಿ ಊಟಕ್ಕೆ ಕುಳಿತಾಗ ತಾಯಿಗೆ ಎಲ್ಲವನ್ನೂ ಹೇಳಿದೆ. ಎಂಜಿನ್ ಬದಲಿಸಿದರೆ ಅಪ್ಪನಿಗೆ ದ್ರೋಹವಾದೀತೇನೋ ಎಂಬ ಅಳುಕನ್ನೂ ಹೇಳಿದೆ. ಅವರು ನಕ್ಕುಬಿಟ್ಟರು. "ನಿಮ್ಮಪ್ಪ ಕಾರು ತಂದದ್ದು ಪೂಜೆಗಲ್ಲವಪ್ಪ, ಹೋಗೋದಕ್ಕೆ. ಟೈರು ಎಷ್ಟು ಸಲ ಬದಲಿಸಿದರೋ, ಸೀಟು ಎಷ್ಟು ಸಲ ಹೊಲಿಸಿದರೋ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಆ ನಂಬರಿನ ಕೆಲಸ ಬೇಡ. ಕದ್ದ ಕಾರಲ್ಲಿ ಕೂತ ಹಾಗಿರುತ್ತೆ" ಎಂದರು.

ನಾನು ಒಂದೇ ಎಂದುಕೊಂಡಿದ್ದ ಪ್ರಶ್ನೆ ಎರಡೆಂದು ಆಗ ತಿಳಿಯಿತು. ಬದಲಿಸಬಹುದೆ ಎಂಬುದು ಒಂದು. ಬದಲಿಸಿದ್ದನ್ನು ಮುಚ್ಚಿಡಬಹುದೆ ಎಂಬುದು ಮತ್ತೊಂದು. ಮೊದಲನೆಯದಕ್ಕೆ ನಮ್ಮ ಸೀಮೆಯೇ ಉತ್ತರ ಕೊಟ್ಟಿದೆ. ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. ಆಗಿನ ಯಂತ್ರಗಳು ಹೋಗಿ ದೊಡ್ಡವು ಬಂದವು; ಬೀಳುವ ಕಾವೇರಿ ಅವಳೇ. ಇದು ಬೇರೆ ಶಿವನಸಮುದ್ರ ಎಂದು ಯಾರೂ ಅನ್ನಲಿಲ್ಲ. ಮಂಡ್ಯ ಸೀಮೆಯ ಆಲೆಮನೆಗಳನ್ನೂ ನೋಡಿ. ಎತ್ತು ಸುತ್ತುತ್ತಿದ್ದ ಗಾಣಕ್ಕೆ ಆಯಿಲ್ ಎಂಜಿನ್ ಬಂತು, ಆಮೇಲೆ ಕರೆಂಟಿನ ಮೋಟಾರು ಬಂತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವುದು ನಿಲ್ಲಲಿಲ್ಲ. ಎತ್ತು ಹೋದದ್ದಕ್ಕೆ ಬೆಲ್ಲವನ್ನು ಯಾರೂ ಹಳಿಯಲಿಲ್ಲ. ಆದರೆ ಹಳದಿ ಬಣ್ಣ ಬರಲೆಂದು ರಾಸಾಯನಿಕ ಬೆರೆಸಿದ ಬೆಲ್ಲವನ್ನು ಶುದ್ಧ ಬೆಲ್ಲವೆಂದು ಮಾರಿದಾಗ ಕೊಂಡವನಿಗೆ ಮೋಸವಾಯಿತು. ಅಲ್ಲಿ ಬದಲಾದದ್ದು ಒಂದು ಚಿಟಿಕೆ, ಇಲ್ಲಿ ಇಡೀ ಗಾಣ. ಹೆಚ್ಚು ಬದಲಾದದ್ದು ನಿಜವಾಗಿ ಉಳಿಯಿತು; ಕಡಮೆ ಬದಲಾದದ್ದು ಸುಳ್ಳಾಯಿತು. ಒಂದನ್ನು ಎಲ್ಲರೆದುರು ಮಾಡಿದ್ದರು, ಇನ್ನೊಂದನ್ನು ಬಚ್ಚಿಟ್ಟಿದ್ದರು.

ಮನುಷ್ಯರ ವಿಷಯವೂ ಇಷ್ಟೇ ಏನೋ. ಊರು ಬಿಟ್ಟವರು, ಕಸುಬು ಬದಲಿಸಿದವರು, ಬೇರೆಯವರ ಮೂತ್ರಪಿಂಡ ಪಡೆದು ಬದುಕಿದವರು ನಮ್ಮವರಾಗಿಯೇ ಇದ್ದಾರೆ. ಬದಲಾದದ್ದನ್ನು ನೇರವಾಗಿ ಹೇಳಲಾರದವನೇ ನಮಗೆ ಅಪರಿಚಿತನಾಗುತ್ತಾನೆ.

ಅರ್ಜಿ ಹಾಕಿದ್ದೇನೆ. ಒಪ್ಪಿಗೆ ಸಿಕ್ಕೇ ಸಿಕ್ಕೀತೆಂಬ ಭರವಸೆಯಿಲ್ಲ. ತಾಯಿಯ ವಯಸ್ಸು ಅರ್ಜಿಗಾಗಿ ಕಾಯುವುದೂ ಇಲ್ಲ. ಸಿಗದಿದ್ದರೆ ಬಾಡಿಗೆ ಕಾರಿನಲ್ಲಿ ಶಿವನಸಮುದ್ರಕ್ಕೆ ಹೋಗುವುದೆಂದು ಅವರೇ ನಿಶ್ಚಯಿಸಿದ್ದಾರೆ. ಹಳೆಯ ಎಂಜಿನ್ನನ್ನು ಷೆಡ್ಡಿನ ಮೂಲೆಯಲ್ಲಿ ಹಲಗೆಯ ಮೇಲೆ ಇಟ್ಟಿದ್ದೇನೆ.

ಸಿಕ್ಕರೆ, ಪೇಟೆ ಬೀದಿಯಲ್ಲಿ ಯಾರಾದರೂ ಕಾರನ್ನು ನಿಲ್ಲಿಸಿ ಕೇಳಿಯೇ ಕೇಳುತ್ತಾರೆ: "ಇದು ಡಾಕ್ಟ್ರ ಕಾರಲ್ವಾ?" ಉತ್ತರವನ್ನು ಈಗಲೇ ಸಿದ್ಧಮಾಡಿಕೊಂಡಿದ್ದೇನೆ. "ಹೌದು. ಎಂಜಿನ್ ಮಾತ್ರ ಬೇರೆ."