ಮರೆವಿಗೂ ಮುಂಚಿನ ಚಿತ್ರ

ದೊಡ್ಡಮ್ಮನಿಗೆ ಆಲ್ಝೈಮರ್ ಬಂದು ವರ್ಷಗಳಾಗಿವೆ. ಅವರನ್ನು ನೋಡಿಕೊಳ್ಳುವ ಅಕ್ಕ ಐವತ್ತೈದು ದಾಟಿದವಳು. ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದ ಒಂದು ದಿನ ಕೇಳಿದಳು: “ಈಗೇನೋ ಸ್ಕ್ಯಾನ್ ಬಂದಿದೆಯಂತಲ್ಲ, ನಾನೂ ಮಾಡಿಸಿಬಿಡ್ಲಾ?”

ಅವಳು ಹೇಳಿದ್ದು ಅಮಿಲಾಯ್ಡ್ ಪೆಟ್ ಸ್ಕ್ಯಾನ್. 1906ರಲ್ಲಿ ಆಲೋಯಿಸ್ ಆಲ್ಝೈಮರ್ ತನ್ನ ರೋಗಿಯ ಮಿದುಳನ್ನು ನೋಡಿದ್ದು ಆಕೆ ತೀರಿಕೊಂಡ ಮೇಲೆ. ಅಲ್ಲಿ ಕಟ್ಟಿಕೊಂಡಿದ್ದ ಅಮಿಲಾಯ್ಡ್ ಪ್ರೋಟೀನನ್ನು ಬದುಕಿರುವವರಲ್ಲೇ ನೋಡಲು ಸುಮಾರು ನೂರು ವರ್ಷ ಬೇಕಾಯಿತು. ಪ್ರಯೋಗಾಲಯದಲ್ಲಿ ಮಿದುಳಿನ ತುಣುಕಿಗೆ ಹಚ್ಚುತ್ತಿದ್ದ ಥಯೋಫ್ಲೇವಿನ್ ಬಣ್ಣವನ್ನೇ ಪಿಟ್ಸ್‌ಬರ್ಗ್‌ನ ವಿಲಿಯಂ ಕ್ಲಂಕ್, ಚೆಸ್ಟರ್ ಮ್ಯಾಥಿಸ್ ತಿದ್ದಿ, ರಕ್ತದಿಂದ ಮಿದುಳಿಗೆ ಇಳಿಯುವಂತೆ ಮಾಡಿದರು. ಅದಕ್ಕೆ ವಿಕಿರಣ ಸೂಸುವ ಕಾರ್ಬನ್ ಸೇರಿಸಿ 2002ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಮೊದಲ ರೋಗಿಗೆ ಕೊಟ್ಟರು. ಆ ಕಾರ್ಬನ್ ಇಪ್ಪತ್ತು ನಿಮಿಷಕ್ಕೆ ಅರ್ಧವಾಗುತ್ತದೆ, ತಯಾರಾದಲ್ಲೇ ಬಳಸಬೇಕು. ನಂತರ ಬಂದ ಫ್ಲೋರಿನ್ ಅರ್ಧವಾಗಲು ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯುವುದರಿಂದ ಬೇರೆ ಆಸ್ಪತ್ರೆಗೂ ಒಯ್ಯಬಹುದು.

ಚಿತ್ರ ಹೆಚ್ಚಾಗಿ ಕಪ್ಪುಬಿಳುಪು. ಅಮಿಲಾಯ್ಡ್ ಇಲ್ಲದ ಮಿದುಳಿನಲ್ಲಿ ಒಳಗಿನ ಬಿಳಿಭಾಗ ಕವಲೊಡೆದ ಕೊಂಬೆಯಂತೆ ಬಿಡಿಬಿಡಿಯಾಗಿ ಕಾಣುತ್ತದೆ. ಇದ್ದವರಲ್ಲಿ ಹೊರಪದರವೂ ಬಣ್ಣ ಹೀರಿ ಅಂಚು ಕಲಸಿಹೋಗುತ್ತದೆ. ವೈದ್ಯರು ಹುಡುಕುವುದು ಆ ಅಂಚನ್ನೇ.

ಅಕ್ಕ ಕೇಳಿದ್ದು ಮುಂದೇನಾಗುತ್ತೆ ಅಂತ. ಸ್ಕ್ಯಾನ್ ಹೇಳುವುದು ಈಗೇನಿದೆ ಅಂತ. ಎಪ್ಪತ್ತು ದಾಟಿಯೂ ನೆನಪು ಗಟ್ಟಿಯಾಗಿರುವವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಅಮಿಲಾಯ್ಡ್ ಸಿಗುತ್ತದೆ. ಅವರಲ್ಲಿ ಎಷ್ಟೋ ಮಂದಿ ಮರೆವು ಬರುವ ಮೊದಲೇ ಬೇರೆ ಕಾರಣಕ್ಕೆ ಹೋಗಿಬಿಡುತ್ತಾರೆ. ಮರೆವು ಆಗಲೇ ಶುರುವಾಗಿದ್ದರೆ ಮಾತು ಬೇರೆ. ಅಲ್ಲಿ ‘ಇಲ್ಲ’ ಎಂಬ ಫಲಿತಾಂಶಕ್ಕೇ ಬೆಲೆ ಹೆಚ್ಚು, ಬೇರೆ ಕಾರಣ ಹುಡುಕಿ ಎನ್ನುತ್ತದೆ ಅದು. ‘ಇದೆ’ ಎಂದರೂ ಈಗ ದಾರಿಯುಂಟು: 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕನೆಮ್ಯಾಬ್ ಎಂಬ ಔಷಧ ಕೊಡುವ ಮುಂಚೆ ಅಮಿಲಾಯ್ಡ್ ಇರುವುದು ಖಾತ್ರಿಯಾಗಬೇಕು. ಅದೂ ರೋಗ ನಿಲ್ಲಿಸುವುದಿಲ್ಲ, ಇಳಿತವನ್ನು ಕೊಂಚ ನಿಧಾನಿಸುತ್ತದೆ. ಆದರೆ ಲಕ್ಷಣವೇ ಇಲ್ಲದ, ಅಮಿಲಾಯ್ಡ್ ಇದ್ದ ಹಿರಿಯರಿಗೆ ವರ್ಷಗಟ್ಟಲೆ ಸೊಲನೆಜುಮ್ಯಾಬ್ ಎಂಬ ಇನ್ನೊಂದು ಔಷಧ ಕೊಟ್ಟ ಎ4 ಪರೀಕ್ಷೆ ಅದೇ ವರ್ಷ ಸೋತಿತು. ಮನೆಯಲ್ಲಿ ಯಾರಿಗೋ ಆಲ್ಝೈಮರ್ ಇತ್ತೆಂಬ ಒಂದೇ ಕಾರಣಕ್ಕೆ ಈ ಸ್ಕ್ಯಾನ್ ಬೇಡ ಎಂದು ಅಮೆರಿಕದ ತಜ್ಞರು 2013ರಲ್ಲೇ ಹೇಳಿದ್ದರು.

ತಲೆಗೆ ಕತ್ತರಿ ಹಾಕದ ಪರೀಕ್ಷೆ, ಸರಿ. ಆದರೆ ‘ಇದೆ’ ಎಂದು ಬರೆದ ಕಾಗದ ಮನೆಗೆ ಬಂದ ಮೇಲೆ ಕಳೆದುಹೋದ ಪ್ರತಿ ಬೀಗದ ಕೈಯೂ ರೋಗದ ಲೆಕ್ಕಕ್ಕೇ ಸೇರುತ್ತದೆ. ಏನೂ ಆಗದವಳು ಕಾಯುವವಳಾಗುತ್ತಾಳೆ.

ವೈದ್ಯರು ಅಕ್ಕನಿಗೆ ಥೈರಾಯ್ಡ್, ಬಿ12 ನೋಡಿದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ನಡೆದಿದೆ. ಸ್ಕ್ಯಾನ್ ಬೇಡ ಅಂದರೆಂದು ಅವಳಿಗೆ ಇನ್ನೂ ಮುನಿಸು. ಆ ಮುನಿಸನ್ನು ಹೆದರಿಕೆ ಎಂದು ತಳ್ಳಿಹಾಕಲು ನನಗಾಗುವುದಿಲ್ಲ. ಮನೆಪತ್ರ ಮಗಳ ಹೆಸರಿಗಾಗಬೇಕು, ನೌಕರಿ ಬಿಡುವುದೋ ಬೇಡವೋ ತೀರ್ಮಾನವಾಗಬೇಕು. ದೊಡ್ಡಮ್ಮ ಇದ್ಯಾವುದನ್ನೂ ಮಾಡುವ ಮೊದಲೇ ಸಹಿ ಹಾಕುವುದನ್ನು ಮರೆತರು.