ಚಳಿಜ್ವರದ ಜೀವಿಗೂ ಅಹಿಂಸೆಯೆ?

ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ, ಸಾಂತರ ಅರಸರ ಕಾಲಕ್ಕೆ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇಂದಿಗೂ ನಿಂತಿದೆ. ಸಣ್ಣ ಜೀವಕ್ಕೂ ನೋವಾಗದಂತೆ ಬಾಳಬೇಕೆಂಬ ಜೈನ ಧರ್ಮ ಬೇರೂರಿದ ಈ ಮಲೆನಾಡು, ಹೆಗ್ಗೋಡಿನಿಂದ ತೀರ್ಥಹಳ್ಳಿಯವರೆಗೆ, ಒಂದು ಕಾಲಕ್ಕೆ ಚಳಿಜ್ವರದ, ಅಂದರೆ ಮಲೇರಿಯಾದ, ಸೀಮೆಯೂ ಆಗಿತ್ತು. ರಕ್ತಕ್ಕಿಳಿದು ಮನುಷ್ಯನನ್ನು ಕೊಲ್ಲುವ ಆ ಜೀವಿಗೂ ಅಹಿಂಸೆ ಸಲ್ಲಬೇಕೆ?

ಮೊದಲು ಅದು ಎಂಥ ಜೀವಿ ಎಂದು ನೋಡಬೇಕು. 1880ರಲ್ಲಿ ಅಲ್ಜೀರಿಯಾದಲ್ಲಿ ವೈದ್ಯ ಲ್ಯಾವೆರಾನ್ ಮಲೇರಿಯಾ ರೋಗಿಯ ರಕ್ತದಲ್ಲಿ ಕಂಡ ಪ್ಲಾಸ್ಮೋಡಿಯಂಗೆ ಇರುವುದು ಒಂದೇ ಕೋಶ. ಅದು ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ. ಇಂಥವುಗಳಿಗೆಂದೇ ಜೀವವಿಜ್ಞಾನಿ ಹೆಕೆಲ್ 1866ರಲ್ಲಿ ಪ್ರೋಟಿಸ್ಟಾ ಎಂಬ ಮೂರನೆಯ ಸಾಮ್ರಾಜ್ಯ ಮಾಡಿದ್ದ. ಅದೂ ಈಗ ಒಡೆದಿದೆ: ಆಮಶಂಕೆ ತರುವ ಎಂಟಮೀಬಾ ಒಂದು ಕವಲು, ಜಿಯಾರ್ಡಿಯಾ ಇನ್ನೊಂದು, ಪ್ಲಾಸ್ಮೋಡಿಯಂ ಮತ್ತೊಂದು. ಪ್ಲಾಸ್ಮೋಡಿಯಂನ ಒಡಲಲ್ಲಂತೂ ಕೆಂಪು ಪಾಚಿಯ ಕಡೆಯಿಂದ ಬಂದ, ಈಗ ಬೆಳಕು ಹಿಡಿಯಲಾರದ ಹರಿತ್ಕಣವೊಂದು ಉಳಿದಿದೆ.

ಇದು ವಿಜ್ಞಾನದ ವಿಂಗಡಣೆ; ಜೈನರ ವರ್ಗೀಕರಣ ನಡೆಯುವುದು ಇಂದ್ರಿಯಗಳ ಎಣಿಕೆಯ ಮೇಲೆ. ಸ್ಪರ್ಶವೊಂದೇ ಉಳ್ಳ ಏಕೇಂದ್ರಿಯಗಳಲ್ಲಿ ನಿಗೋದ ಜೀವಗಳೂ ಸೇರಿವೆ; ಅನಂತ ಜೀವಗಳು ಒಂದೇ ಶರೀರ ಹಂಚಿಕೊಂಡು ಜೊತೆಗೇ ಹುಟ್ಟಿ ಜೊತೆಗೇ ಸಾಯುತ್ತವೆ. ಪ್ಲಾಸ್ಮೋಡಿಯಂನ ಒಂದು ಬಗೆಯಾದ ವೈವಾಕ್ಸ್ ತರುವ ಮಲೇರಿಯಾದಲ್ಲಿ 48 ಗಂಟೆಗೊಮ್ಮೆ ರಕ್ತಕಣಗಳು ಒಟ್ಟಿಗೆ ಒಡೆದು, ದಿನಬಿಟ್ಟು ದಿನ ನಡುಕ ಹುಟ್ಟುವುದನ್ನು ಓದಿದವರಿಗೆ ಈ ಮಾತು ನೆನಪಾಗುವುದು ಸಹಜ. ಆದರೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೇ ಆಚಾರ್ಯರು ಮೊದಲೇ ಹೇಳಿದ್ದರೆಂದು ಬೀಗಬಾರದು. ಅವರ ಚಿಂತೆ ಆತ್ಮದ ಬಿಡುಗಡೆಯದಾಗಿತ್ತು.

ಜೈನ ಶಾಸ್ತ್ರದ ಹಿರಿಮೆ ಬೇರೆ ಕಡೆ ಇದೆ. ಮನುಷ್ಯನನ್ನು ಕೊಲ್ಲಬಂದದ್ದನ್ನೂ ಅದು ಜೀವವೆಂದೇ ಒಪ್ಪುತ್ತದೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ಬಿಡಿಸಿ, ಗೃಹಸ್ಥ ಬಿಡಲೇಬೇಕಾದದ್ದು ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಎನ್ನುತ್ತದೆ. ಪ್ರಾಣ ಉಳಿಸಿಕೊಳ್ಳಲು ನುಂಗುವ ಮಾತ್ರೆಯನ್ನು ವಿರೋಧಿ, ಅಂದರೆ ಆತ್ಮರಕ್ಷಣೆಯ, ಹಿಂಸೆಯ ಸಾಲಿಗೆ ಸೇರಿಸಬಹುದು.

ಇಂದ್ರಿಯಗಳ ಆ ಎಣಿಕೆಯಲ್ಲಿ, ಈ ಜ್ವರ ಹರಡುವ ಸೊಳ್ಳೆ ನಾಲ್ಕು ಇಂದ್ರಿಯಗಳ ಜೀವ. 1946ರಲ್ಲಿ ಪಕ್ಕದ ಉತ್ತರ ಕನ್ನಡದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ನಡೆಸಿದ ಡಿಡಿಟಿ ಸಿಂಪಡಣೆ ಜನರನ್ನು ಕಾಯಿತು, ಲೆಕ್ಕವಿಲ್ಲದಷ್ಟು ಸೊಳ್ಳೆಗಳನ್ನು ಕೊಂದಿತು. ಬರೀ ಸೊಳ್ಳೆಪರದೆ ಯಾವುದನ್ನೂ ಕೊಲ್ಲದು. ಅಹಿಂಸೆಯನ್ನು ನಿಜವಾಗಿ ನಂಬಿದವರಿಗೆ ಪರದೆಯೇ ಮೊದಲು, ಮಾತ್ರೆ ಆಮೇಲೆ.

ಅರ್ಧ ಚಿಕಿತ್ಸೆಗೆ ಮಾತ್ರ ಯಾವ ಧರ್ಮದಲ್ಲೂ ಸಮರ್ಥನೆ ಸಿಗದು. ವೈವಾಕ್ಸ್ ಯಕೃತ್ತಿನಲ್ಲಿ ಮಲಗಿದ್ದು ತಿಂಗಳುಗಳ ಬಳಿಕ ಏಳಬಲ್ಲದು. ಆಗ ಮತ್ತೆ ಜ್ವರ, ಮತ್ತೆ ಮದ್ದು, ಮತ್ತೆ ಅದೇ ಹಿಂಸೆ. ಚಳಿಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ; ವೈದ್ಯರು 14 ದಿನಗಳ ಪ್ರೈಮಾಕ್ವಿನ್ ಬರೆದುಕೊಟ್ಟರೆ, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ.