ನೆಲದ ಕುರುಹು

ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯ ಅಡಿಯಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಬಸಾಲ್ಟ್ ಎಂಬ ಕರಿಶಿಲೆ ಹರಡಿದ್ದು, ಅದು ಗಡಿ ದಾಟಿ ಮಹಾರಾಷ್ಟ್ರದೊಳಗೂ ಮುಂದುವರಿಯುತ್ತದೆ. ಬಸವಕಲ್ಯಾಣದಿಂದ ಸುಮಾರು 50 ಕಿಲೋಮೀಟರ್ ದೂರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ನಂತರ ಅಲ್ಲಿ ಕೊಳವೆ ರಂಧ್ರ ಕೊರೆದಾಗ, ಸುಮಾರು 338 ಮೀಟರ್ ದಪ್ಪದ ಬಸಾಲ್ಟ್, ಅದರ ಕೆಳಗೆ ಸುಮಾರು 8 ಮೀಟರ್ ಮೆಕ್ಕಲು ಪದರ, ಅದಕ್ಕೂ ಕೆಳಗೆ ಅತಿ ಪ್ರಾಚೀನ ತಳಶಿಲೆ ಇರುವುದು ತಿಳಿದುಬಂತು.

ಇಂಥ ನೆಲದೊಳಗಿನ ಒತ್ತಡವನ್ನು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನವು, ಅಖಂಡವಾದ ಶಿಲೆಯನ್ನು ಸಾಮಾನ್ಯವಾಗಿ ನಾಲ್ಕು ಮುಖಗಳ ಲಕ್ಷಾಂತರ ಸಣ್ಣ ಘನಾಕೃತಿಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಸರಳ ಸಮೀಕರಣವನ್ನು ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸುತ್ತದೆ. ಈ ಘನಾಕೃತಿಗಳ ಜೋಡಣೆಗೆ ಘನಜಾಲರಿ ಎನ್ನಬಹುದು. ಪದರಗಳು ಕೂಡುವಲ್ಲಿ ಎರಡೂ ಬದಿಯ ಬಿಂದುಗಳು ಒಂದಾಗಿರಬೇಕು, ಇಲ್ಲವಾದರೆ ಗಣಿತಕ್ಕೆ ಅಲ್ಲಿ ನೆಲವೇ ಬಿರುಕು ಬಿಟ್ಟಂತಾಗುತ್ತದೆ. 50 ಮೀಟರ್ ಅಳತೆಯ ತುಂಡುಗಳಲ್ಲಿ 8 ಮೀಟರ್ ಪದರವನ್ನು ಹಿಡಿಸಹೊರಟರೆ ತುಂಡುಗಳು ಚಪ್ಪಟೆಯಾಗಿ ಲೆಕ್ಕ ಕೆಡುತ್ತದೆ. ತುಂಡುಗಳನ್ನು ಕಿರಿದುಗೊಳಿಸಿದರೆ ಅವುಗಳ ಸಂಖ್ಯೆ ಬೆಳೆದು ಗಣಕಯಂತ್ರ ಬಳಲುತ್ತದೆ. ಪದರವನ್ನೇ ಬಿಟ್ಟರೆ, ಬಸಾಲ್ಟ್ ಮತ್ತು ತಳಶಿಲೆಗಳ ನಡುವಿನ ಮೆತ್ತನೆಯ ವಸ್ತುವೇ ಇಲ್ಲವಾಗುತ್ತದೆ. ಏನನ್ನು ಬಿಡಬಹುದು ಎಂಬುದು ಇಲ್ಲಿ ತಾಂತ್ರಿಕ ಪ್ರಶ್ನೆಯಂತೆ ಕಂಡರೂ, ಅಖಂಡವನ್ನು ಖಂಡಗಳ ಮೂಲಕ ಅರಿಯಲು ಸಾಧ್ಯವೇ ಎಂಬ ಹಳೆಯ ಜಿಜ್ಞಾಸೆಯೇ ಅದರ ಒಳಗಿದೆ.

ಈ ಜಿಜ್ಞಾಸೆಗೆ ಇದೇ ಸೀಮೆಯಲ್ಲಿ ಉತ್ತರ ಹುಡುಕಿದವರಿದ್ದಾರೆ. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯ ಪೋಷಿಸಿಕೊಂಡು ಬಂದ ಅದ್ವೈತದ ಪ್ರಕಾರ, ಮಡಕೆಯೊಳಗಿನ ಆಕಾಶ ಬೇರೆಯೆಂದು ತೋರುವುದು ಉಪಾಧಿಯಿಂದ, ಅಂದರೆ ಹೊರಗಿನಿಂದ ಹೇರಿದ ಎಲ್ಲೆಯಿಂದ. ಜಾಲರಿಯೂ ಉಪಾಧಿಯೇ, ಆದರೆ ಹೋಲಿಕೆ ಪೂರ್ತಿ ಒಗ್ಗುವುದಿಲ್ಲ: ಮಡಕೆಯಿಂದ ಆಕಾಶಕ್ಕೆ ವಿಕಾರವಿಲ್ಲ, ಜಾಲರಿಯ ಆಕಾರವಾದರೋ ಉತ್ತರವನ್ನೇ ಬದಲಿಸುತ್ತದೆ. ಕಲ್ಯಾಣದ ಶರಣರು ಇಷ್ಟಲಿಂಗವನ್ನು ಅರಿವಿನ ಕುರುಹೆಂದು ಕಂಡ ಬಗೆ ಇಲ್ಲಿ ಹೆಚ್ಚು ಸಲ್ಲುತ್ತದೆ, ಏಕೆಂದರೆ ಕುರುಹು ಸುಳ್ಳಲ್ಲ, ಆದರೆ ಅದೇ ಅರಿವೂ ಅಲ್ಲ. ಜಾಲರಿಯನ್ನು ಸೂಕ್ಷ್ಮಗೊಳಿಸುತ್ತ ಹೋದಂತೆ ಉತ್ತರ ಸ್ಥಿರವಾಗುವುದನ್ನು ತಜ್ಞರು ಭರವಸೆಯ ಲಕ್ಷಣವೆಂದು ಎಣಿಸುತ್ತಾರೆ; ಆ ಸ್ಥಿರತೆ ಲೆಕ್ಕವನ್ನು ಮಾದರಿಯ ಸಮೀಪಕ್ಕೆ ತರುತ್ತದೆಯೇ ಹೊರತು ಕೆಲವೇ ಕೊಳವೆ ರಂಧ್ರಗಳಿಂದ ಊಹಿಸಿದ ಶಿಲೆಯ ಸಮೀಪಕ್ಕೆ ತರುವುದಿಲ್ಲ. ಆದ್ದರಿಂದ 8 ಮೀಟರ್ ಪದರವನ್ನು ಕೈಬಿಟ್ಟು, ಹಾಗೆ ಕೈಬಿಟ್ಟುದನ್ನೂ ಮರೆಮಾಚುವ ಲೆಕ್ಕವನ್ನು, ಅದರ ಜಾಲರಿ ಎಷ್ಟೇ ಸೂಕ್ಷ್ಮವಾಗಿದ್ದರೂ, ಜ್ಞಾನವೆಂದು ಒಪ್ಪಲಾಗದು.